ಹಸಿರು ಬಳಿದ ಬಾಣೆ

ಅಮ್ಮತ್ತಿ
8 ಆಗಸ್ಟ್ 1966

ಅದೇ ಅಣ್ಣ, ನಾನೂ ಅದನ್ನೇ ಹೇಳಿದ್ದು, ಮೂಲೇಲಿ ಇರೋದು ನಿನ್ನ ಇನಿಷಿಯಲ್ಲೇ ಅಂತ. ಪಕ್ಕದ ಮನೆ ತಂಗಮ್ಮ ನಂಬೋದೇ ಇಲ್ಲ ಮಾರಾಯ. "ನಕ್ಷೆ ಬರೆಯೋದು ದೊಡ್ಡ ದೊಡ್ಡ ಇಂಜಿನಿಯರುಗಳು. ನಿಮ್ಮ ಬೆಳ್ಯಪ್ಪಣ್ಣ ಮೈಸೂರಲ್ಲಿ ಕೂತು ಅವರ ಪೆನ್ಸಿಲ್ ಕೆತ್ತೋದು" ಅಂತಾಳೆ. ನಾನು ಬೆರಳಿಟ್ಟು ತೋರಿಸಿದೆ. ಕೊನೆ ಅಕ್ಷರಕ್ಕೆ ಹಾಗೆ ದನದ ಬಾಲ ಎಳೆಯೋನು ಈ ಭೂಮಿ ಮೇಲೆ ಇನ್ಯಾರು?

ಗುಡ್ಡದ ಮೇಲೆ ಬರೋ ಹೊಸ ಬಡಾವಣೆಯ ನಕ್ಷೆ ಸ್ಕೂಲಿನ ಗೋಡೆಗೆ ಅಂಟಿಸಿದ್ದಾರೆ. ಸಂತೆಗೆ ಬಂದವರೆಲ್ಲ ಮೊದಲು ಅದನ್ನ ನೋಡಿ ಆಮೇಲೆ ಒಣಮೀನು ತಗೊಳ್ಳೋದು. ಏನು ಚಂದ ಬರೆದಿದ್ದಿ ಅಣ್ಣ. ಮನೆ ಇರೋ ಕಡೆ ಹಳದಿ, ಅಂಗಡಿಗೆ ನೀಲಿ, ಬಯಲಿಗೆ ಹಸಿರು. ನಂಗೆ ಎಲ್ಲಕ್ಕಿಂತ ಇಷ್ಟ ಆದದ್ದು ಆ ಹಳದಿ ಮೇಲೆ ನೀಲಿ ಗೆರೆ. ಕೆಳಗೆ ಅಂಗಡಿ ಮೇಲೆ ಮನೆ! ಅಡುಗೆ ಒಲೆ ಮೇಲಿಟ್ಟು ಕೆಳಗಿಳಿದು ಒಂದು ಲಂಗ ಹೊಲಿದು ಮತ್ತೆ ಹತ್ತಿ ಹೋಗಿ ಸಾರು ಇಳಿಸಬಹುದು. ನಾನು ಹೊಲಿಗೆ ಕಲಿತದ್ದು ಸಾರ್ಥಕ ಆಗೋದಿದ್ರೆ ಅಲ್ಲೇ.

ಬಡಾವಣೆ ಮಾಡೋ ಸಂಘದ ಸೆಕ್ರೆಟರಿ ಪದ್ಮಯ್ಯ ಎಲ್ಲರಿಗೂ ನಿಂತು ವಿವರಿಸ್ತಾ ಇದ್ರು. ಹಳೇ ರೂಲ್ಸಲ್ಲಿ ಒಂದೊಂದು ಸೈಟಿಗೆ ಒಂದೊಂದು ಲೆಕ್ಕವಂತೆ, ಮನೆ ಅಂದ್ರೆ ಮನೆ, ಅಂಗಡಿ ಅಂದ್ರೆ ಅಂಗಡಿ. ಈಗ ಇಡೀ ಗುಡ್ಡಕ್ಕೆ ಒಂದೇ ಲೆಕ್ಕ. ಮನೆ ಅಂಗಡಿ ಕಲಸಬಹುದು, ಒಂದು ಕಡೆ ಒತ್ತೊತ್ತಾಗಿ ಕಟ್ಟಬಹುದು. ಆದ್ರೆ ಅಷ್ಟಕ್ಕೆ ಸರಿಯಾಗಿ ಇನ್ನೊಂದು ಕಡೆ ಬಯಲು ಬಿಡಬೇಕು. ಹೌದಾ?

ವಿಷಯ ಅಲ್ಲೇ ಇರೋದು. ಅವರಿಗೆ ಬಯಲು ಸಾಲ್ತಾ ಇಲ್ಲ. ನಮ್ಮ ಬಾಣೆ, ಆ ಸೊಪ್ಪು ಸೌದೆಯ ಕಾಡು, ನಕ್ಷೆಯ ಗೆರೆಗೆ ತಾಗಿಕೊಂಡೇ ಉಂಟಲ್ಲ, ಅದನ್ನ ಸಂಘಕ್ಕೆ ಸೇರಿಸಿ ಕೊಟ್ರೆ ಹಸಿರು ಬಳಿದು ಬಯಲಿನ ಲೆಕ್ಕಕ್ಕೆ ಹಿಡೀತಾರಂತೆ. ಬದಲಿಗೆ ನಮಗೆ ಮೂಲೆ ಸೈಟು. ಕೆಳಗೆ ಅಂಗಡಿ ಮೇಲೆ ಮನೆ. ನಿನ್ನೆ ಮನೆಗೇ ಬಂದಿದ್ರು.

ಅಪ್ಪ ಅಡಿಕೆ ಕತ್ತರಿಸ್ತಾ ಕೂತಿದ್ರು. ಕೊನೆಗೆ ಒಂದೇ ಮಾತು ಕೇಳಿದ್ರು. "ಅಲ್ಲಿ ನನ್ನ ಹೆಂಡ್ತಿ ಮಲಗಿಟ್ಟು. ಅವ್ಳ ಬಲಬದಿ ಜಾಗ ನಂದ್. ಅದ್ ಎಲ್ಲಿಗೂ ಹೋದಿಲ್ಲೆ ತಾನೆ?" ಪದ್ಮಯ್ಯ ನಕ್ಕರು. "ಉತ್ತಯ್ಯಣ್ಣ, ಬಯಲು ಬಯಲಾಗೇ ಇರ್ತದೆ. ನಿಮ್ಮ ಮಗನನ್ನೇ ಕೇಳಿ."

ಅದಕ್ಕೆ ಕೇಳ್ತಾ ಇದ್ದೇನೆ. ಬೇಗ ಬರಿ. ಇನ್‌ಲ್ಯಾಂಡ್ ಮುಗೀತು, ಇದು ಮಡಿಚೋ ಜಾಗದಲ್ಲಿ ಬರೆದದ್ದು.

ನಿನ್ನ
ಯಮುನ


ಮೈಸೂರು
21 ಆಗಸ್ಟ್ 1966

ಯಮುನ,

ಪೆನ್ಸಿಲ್ ಕೆತ್ತೋದೂ ನಾನೇ ಅಂತ ತಂಗಮ್ಮನಿಗೆ ಹೇಳು. ಪಕ್ಕದ ಟೇಬಲ್ಲಿನ ಕರಿಬಸಪ್ಪನದ್ದೂ ನಾನೇ ಕೆತ್ತಿ ಕೊಡೋದು, ಅವನು ಕೆತ್ತಿದ್ರೆ ಮುರೀತದೆ. ನಾನು ಇಂಜಿನಿಯರೂ ಅಲ್ಲ ಎಂತದ್ದೂ ಅಲ್ಲ. ಮೇಲಿನವರು ಗೀಚಿ ಕೊಡ್ತಾರೆ, ನಾನು ಟ್ರೇಸಿಂಗ್ ಬಟ್ಟೆ ಮೇಲೆ ಚಂದ ಮಾಡಿ ಎಳೀತೇನೆ. ಆದ್ರೂ ಊರವರು ನೋಡಿದ್ರು ಅಂತ ಓದಿ ಖುಷಿ ಆಯ್ತು. ಕಾಗದ ಜೇಬಲ್ಲಿಟ್ಟುಕೊಂಡು ತಿರುಗ್ತಾ ಇದ್ದೇನೆ.

ಅಪ್ಪನಿಗೆ ಹೇಳು, ಧೈರ್ಯವಾಗಿ ಸೈನ್ ಮಾಡಲಿ. ನಾನು ಯೋಚನೆ ಮಾಡಿಯೇ ಹೇಳೋದು. ಬಾಣೆ ಈಗ ಗೆರೆಯ ಹೊರಗೆ ಬಿಳಿಯಾಗಿ ಉಂಟು. ಬಿಳಿ ಅಂದ್ರೆ ಎಲ್ಲರಿಗೂ ಕಣ್ಣು. ನಾಳೆ ಸುತ್ತ ಮನೆ ಬಂದ ಮೇಲೆ ದೊಡ್ಡಪ್ಪನ ಮಕ್ಕಳು ಪಾಲು ಕೇಳ್ತಾರೆ, ಇನ್ನೊಬ್ಬ ಮಾರ್ತಾನೆ, ಅವ್ವನ ಕಲ್ಲಿನ ಮೇಲೆ ಯಾವನೋ ಕಕ್ಕಸು ಕಟ್ತಾನೆ. ಹಸಿರು ಬಳಿದ್ರೆ ಆ ಭಯ ಇಲ್ಲ. ಹಸಿರಲ್ಲಿ ಯಾವನೂ ಒಂದು ಗೂಟ ಹೊಡೆಯೋ ಹಾಗಿಲ್ಲ. ಸರ್ಕಾರವೇ ಬಾಗಿಲು ಕಾಯೋ ಹಾಗೆ.

ಆ ಹಸಿರು ನಾನೇ ಬಳೀತೇನೆ. ಬೇರೆಯವರ ಕೈಗೆ ಕೊಡೋದಿಲ್ಲ.

ನಿನಗೂ ಅಂಗಡಿ ಆಗ್ತದೆ. ಬೋರ್ಡಿನ ಅಕ್ಷರ ನಾನು ಬರೆದು ಕೊಡ್ತೇನೆ, ಬಾಲ ಎಳೆಯದೆ.

ಪ್ರೀತಿಯಿಂದ,
ಬೆಳ್ಯಪ್ಪ


ಅಮ್ಮತ್ತಿ
4 ಡಿಸೆಂಬರ್ 1966

ಅಣ್ಣ,

ಹುತ್ತರಿಗೆ ನೀನು ಬರ್ತಿ ಅಂತ ಏಲಕ್ಕಿ ಪುಟ್ಟು ಮಾಡಿಟ್ಟಿದ್ದೆ. ರಜೆ ಸಿಗಲಿಲ್ಲ ಅಂತ ಬರೆದಿದ್ದಿ, ಸರಿ ಬಿಡು. ನಿನ್ನ ಪಾಲನ್ನ ಚೆನ್ನಯ್ಯ ತಿಂದ.

ಚೆನ್ನಯ್ಯನ ಕಥೆಯೇ ಹೇಳಬೇಕು. ಅವನಿಗೆ ಸಂಘದವರು ವಾಚ್‌ಮನ್ ಕೆಲಸ ಕೊಟ್ಟಿದ್ದಾರೆ. ಖಾಕಿ ಕೋಟು, ಒಂದು ವಿಸಿಲ್. ಅಪ್ಪ ಸೈನ್ ಮಾಡಿದ ಮೇಲೆ ಬಾಣೆ ಸುತ್ತ ಮುಳ್ಳುತಂತಿ ಬಂತು, ಅದನ್ನ ಕಾಯೋದು ಅವನ ಡ್ಯೂಟಿ. ಹುತ್ತರಿ ದಿನ ಸಂಜೆ ಅಪ್ಪ, ನಾನು ಹೊಸ ಕದಿರಿನ ಜೊತೆ ನೆರೆ ಕಟ್ಟೋ ಎಲೆ ತರೋದಕ್ಕೆ ಹೋದ್ವಿ. ವರ್ಷ ವರ್ಷ ಅಲ್ಲಿಂದಲೇ ಅಲ್ವಾ, ಐದು ಬಗೆ ಎಲೆಯೂ ಅಲ್ಲೇ ಸಿಗ್ತದೆ. ಚೆನ್ನಯ್ಯ ತಂತಿ ಹತ್ತಿರ ನಿಂತು ತಲೆ ತುರಿಸಿಕೊಂಡ.

"ಉತ್ತಯ್ಯಣ್ಣ, ಕುಯ್ಯೋ ಹಾಗಿಲ್ಲ ಅಂತ ಹೇಳಿದ್ದಾರೆ."

"ಯಾರು ಹೇಳಿದ್?"

"ಸಂಘದವರು. ಒಂದು ಎಲೆಯೂ ಬೇಡ ಅಂದ್ರು. ದನವೂ ಬಿಡೋ ಹಾಗಿಲ್ಲವಂತೆ."

ಅಪ್ಪ ಅವನನ್ನೇ ನೋಡ್ತಾ ನಿಂತ್ರು. "ನೀ ಹುಟ್ಟಿದಾಗ ನಿನ್ನ ಬಾಣಂತಿ ಅವ್ವಂಗೆ ಸೌದೆ ಹೋದ್ದು ಇಲ್ಲಿಂದನೇ ಚೆನ್ನಯ್ಯ. ಈಗ ವಿಸಿಲ್ ಊದ್ದಿಯಾ? ಊದು ಮತ್ತೆ, ಕೇಳೊಂವೊ." ಆ ಪಾಪದವ ಊದಲಿಲ್ಲ. ಎಲ್ಲ ಎಲೆ ತಾನೇ ಕುಯ್ದು ತಂತಿ ಮೇಲಿಂದ ಕೊಟ್ಟ. ಆಮೇಲೆ ಮನೆಗೆ ಬಂದು ಪುಟ್ಟು ತಿಂದ, ಕೋಟು ಹೊರಗೆ ತೂಗುಹಾಕಿ.

ಅಪ್ಪ ನಗಾಡ್ತಾ ಇದ್ರು. ಸಂಘದವರಿಗೆ ಗೊತ್ತಿಲ್ಲ ಪಾಪ, ಮಗ ಹೇಳಿದ್ರೆ ಸರಿ ಮಾಡ್ತಾರೆ ಅಂತ. ನಮ್ಮಲ್ಲಿ ಬಾಣೆ ಬಯಲು ಬಿಡೋದು ಎಂತಕ್ಕೆ? ಸೊಪ್ಪಿಗೆ, ಸೌದೆಗೆ, ದನಕ್ಕೆ, ಸತ್ತವರಿಗೆ. ಇದ್ಯಾವುದೂ ಇಲ್ಲದ ಬಯಲು ಎಂತದಣ್ಣ? ಸ್ವಲ್ಪ ಕೇಳಿ ಬರಿ.

ಮೂಲೆ ಸೈಟಿಗೆ ಗಡಿಕಲ್ಲು ಹಾಕಿದ್ದಾರೆ. ನಾನು ಅದರ ಮೇಲೆ ಕೂತು ಬಂದೆ.

ಯಮುನ


ಮೈಸೂರು
2 ಜನವರಿ 1967

ಯಮುನ,

ತಡ ಆಯ್ತು. ನಮ್ಮ ಪ್ಲಾನಿಂಗ್ ಆಫೀಸಿನ ಸಾಹೇಬರು ಕ್ಯಾಂಪಿನಲ್ಲಿದ್ರು, ಅವರ ಗುಮಾಸ್ತರನ್ನ ಕೇಳಿ ರೂಲ್ಸು ತೆಗೆಸಿ ನೋಡಿದೆ. ನಾನು ಬಣ್ಣ ಬಳೀತೇನೆ ಹೊರತು ಆ ಪುಸ್ತಕ ಯಾವತ್ತೂ ಕೈಯಲ್ಲಿ ಹಿಡಿದವನಲ್ಲ.

ಚೆನ್ನಯ್ಯ ಹೇಳಿದ್ದು ಸರಿ. ಬಯಲು ಅಂತ ಬಿಟ್ಟ ಜಾಗ ಬಡಾವಣೆಯ ಎಲ್ಲರದ್ದು. ಹಾಗಾಗಿ ಯಾರೊಬ್ಬರೂ ಮರ ಕಡಿಯೋ ಹಾಗಿಲ್ಲ, ದನ ಮೇಯಿಸೋ ಹಾಗಿಲ್ಲ, ಅಗೆಯೋ ಹಾಗಿಲ್ಲ. ಮುಂದೆ ಹುಡುಗರಿಗೆ ಉಯ್ಯಾಲೆ ಎಲ್ಲ ಹಾಕ್ತಾರಂತೆ. ಚಂದ ಆಗ್ತದೆ.

ಅವ್ವನ ಕಲ್ಲಿನ ಹತ್ತಿರ ಹೋಗೋದಕ್ಕೆ, ದೀಪ ಇಡೋದಕ್ಕೆ ಯಾರೂ ಅಡ್ಡಿ ಮಾಡೋದಿಲ್ಲ. ಸೌದೆಗೆ ನಾನು ಇಲ್ಲಿಂದ ದುಡ್ಡು ಕಳಿಸ್ತೇನೆ, ತರಿಸಿಕೊಳ್ಳಿ.

ಇಲ್ಲಿ ಚಳಿ ಜಾಸ್ತಿ.

ಬೆಳ್ಯಪ್ಪ


ಅಮ್ಮತ್ತಿ
19 ಏಪ್ರಿಲ್ 1967

ಅಣ್ಣ,

ನಿನ್ನ ಹಿಂದಿನ ಕಾಗದದಲ್ಲಿ ಒಂದು ಶಬ್ದ ಇತ್ತು. ಅಗೆಯೋ ಹಾಗಿಲ್ಲ ಅಂತ. ಮರ, ದನದ ಜೊತೆ ಸೇರಿಸಿ ಬರೆದು ಉಯ್ಯಾಲೆಗೆ ಹೋಗಿಬಿಟ್ಟಿ. ನಾನು ಅದನ್ನ ಅಪ್ಪನಿಗೆ ಓದಿ ಹೇಳಲಿಲ್ಲ.

ಈಗ ಕೇಳಲೇಬೇಕಾಗಿದೆ. ಅಪ್ಪನ ಕಾಲು ಊದಿಕೊಳ್ತಾ ಇದೆ. ಬೆರಳಿಂದ ಒತ್ತಿದ್ರೆ ಗುಳಿ ಹಾಗೇ ಉಳೀತದೆ. ಡಾಕ್ಟ್ರು ಹೃದಯ ಅಂದ್ರು, ಉಪ್ಪು ಬಿಡಿ ಅಂದ್ರು. "ಉಪ್ಪು ಬಿಟ್ಟ್ ಬದ್ಕೋದೂ ಒಂದ್ ಬದ್ಕಾ" ಅಂತ ಅಪ್ಪ ಉಪ್ಪಿನಕಾಯಿ ಭರಣಿ ತಾವೇ ಮಂಚದ ಕೆಳಗೆ ಇಟ್ಕೊಂಡಿದ್ದಾರೆ. ಬೈದು ಸಾಕಾಯ್ತು.

ದಿನಾ ಬೆಳಗ್ಗೆ ಕೋಲು ಹಿಡಿದು ಬಾಣೆಗೆ ಹೋಗ್ತಾರೆ. ಚೆನ್ನಯ್ಯ ತಂತಿ ಎತ್ತಿ ಹಿಡೀತಾನೆ, ಅಪ್ಪ ಬಗ್ಗಿ ಒಳಗೆ ಹೋಗ್ತಾರೆ. ನಿನ್ನೆ ನನ್ನನ್ನೂ ಕರೆದ್ರು. ಅವ್ವನ ಕಲ್ಲಿನ ಪಕ್ಕ ಕೂತು ಕೋಲಿನಿಂದ ನೆಲದ ಮೇಲೆ ಗೀಟು ಎಳೆದ್ರು.

"ಇಲ್ಲಿಂದ ಇಲ್ಲಿಗೆ. ನಾ ಉದ್ದ ಆಳ್, ಕಾಲ್ ಮಡ್ಚಿ ಹಾಕ್ಬೇಡಿ."

"ಸುಮ್ನಿರಿ ಅಪ್ಪ."

"ನಿಂಗೆ ಹೇಳದೆ ಇನ್ನಾರ್ಗೆ ಹೇಳ್ಲಿ? ಅಂವ ಮೈಸೂರ್ಲಿ ಬಣ್ಣ ಬಳಿತುಟ್ಟು." ಆಮೇಲೆ ಕಲ್ಲನ್ನ ತಟ್ಟಿ, "ಕೇಳ್ತಾ ಗಂಗೆ? ನಾ ಬನ್ನೆ, ಸ್ವಲ್ಪ ಜಾಗ ಬಿಡು. ನೀ ಯಾವಾಗ್ಲೂ ಮಂಚದ ನಡೂಲಿ ಮಲಗುವವ್ಳು" ಅಂದ್ರು.

ನಾನು ನಗಲಿಲ್ಲ, ನಗಬೇಕಾಗಿತ್ತು ಅಂತ ಆಮೇಲೆ ಅನ್ನಿಸ್ತು.

ನೇರ ಕೇಳ್ತೇನೆ, ನೇರ ಹೇಳು. ಅಪ್ಪನನ್ನ ಅಲ್ಲಿ ಮಣ್ಣು ಮಾಡಬಹುದಾ?

ಯಮುನ


ಮೈಸೂರು
14 ಮೇ 1967

ಯಮುನ,

ಆಗೋದಿಲ್ಲ.

ಸಾಹೇಬರನ್ನೇ ಕೇಳಿದೆ. ಬಡಾವಣೆಯ ಗೆರೆಯ ಒಳಗೆ ಹೂಳೋ ಹಾಗಿಲ್ಲ. ವಿರಾಜಪೇಟೆ ರಸ್ತೆಯ ಆಚೆ ಸಾರ್ವಜನಿಕ ಸ್ಮಶಾನ ಉಂಟು, ಅಲ್ಲಿಗೆ ಒಯ್ಯಬೇಕು ಅಂದ್ರು. ಅವ್ವನದ್ದು ಮೊದಲೇ ಇರೋದ್ರಿಂದ ಅದನ್ನ ಯಾರೂ ಮುಟ್ಟೋದಿಲ್ಲ.

ಒಂದು ದಾರಿ ಉಂಟು. ಈ ಹೊಸ ಯೋಜನೆಯಲ್ಲಿ ಸಣ್ಣಪುಟ್ಟ ಬದಲಾವಣೆ ಆದ್ರೆ ಮತ್ತೆ ಎಲ್ಲರನ್ನೂ ಕರೆದು ಕೇಳೋದು ಬೇಡ, ಸಾಹೇಬರೊಬ್ಬರೇ ಸೈನ್ ಹಾಕಬಹುದು. ಒಂದು ಕಡೆ ಹಸಿರು ಕಡಿಮೆ ಮಾಡಿದ್ರೆ ಇನ್ನೊಂದು ಕಡೆ ಅಷ್ಟೇ ಹಸಿರು ತೋರಿಸಬೇಕು, ಅಷ್ಟೇ. ಅಪ್ಪನಿಗೆ ಬೇಕಾದಷ್ಟು ಜಾಗವನ್ನ ಬಾಣೆಯಿಂದ ಬಿಡಿಸಬಹುದು. ಆದ್ರೆ ಅರ್ಜಿ ಸಂಘದಿಂದ ಬರಬೇಕು. ನೀನು ಪದ್ಮಯ್ಯನವರ ಹತ್ತಿರ ಹೋಗು. ನನ್ನ ಹೆಸರು ಹೇಳಬೇಡ, ನನ್ನ ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ.

ಅಪ್ಪನಿಗೆ ಇದೊಂದೂ ಹೇಳಬೇಡ. ಉಪ್ಪಿನಕಾಯಿ ಕೊಡು.

ಬೆಳ್ಯಪ್ಪ


ಅಮ್ಮತ್ತಿ
30 ಮೇ 1967

ಅಣ್ಣ,

ಹೋಗಿ ಬಂದೆ. ಪದ್ಮಯ್ಯ ಕಾಫಿ ಕೊಟ್ರು, ಬಿಸ್ಕತ್ತು ಕೊಟ್ರು. "ನಿನ್ನಪ್ಪ ಸಾಯೋದಕ್ಕೂ ಪ್ಲಾನ್ ಪಾಸ್ ಮಾಡಿಸ್ತಾ ಇದ್ದೀಯಲ್ಲ ಹುಡುಗಿ, ನಿನ್ನ ಅಣ್ಣನಿಗಿಂತ ನೀನೇ ವಾಸಿ" ಅಂದ್ರು. ನಾನು ಬಿಸ್ಕತ್ತು ತಿನ್ನಲಿಲ್ಲ.

ಹಸಿರಿಗೆ ಬದಲು ಹಸಿರು ಎಲ್ಲಿಂದ ತರೋದು ಅಂದ್ರು. ನನ್ನ ಮೂಲೆ ಸೈಟು ತಗೊಳ್ಳಿ ಅಂದೆ. ಅವರಿಗೂ ಸ್ವಲ್ಪ ಆಶ್ಚರ್ಯ ಆಯ್ತು. "ಅಂಗಡಿ?" ಅಂದ್ರು. ಜಗಲೀಲಿ ಕೂತೇ ಹೊಲೀತೇನೆ ಅಂದೆ. ಹೇಳುವಾಗ ಏನೂ ಅನ್ನಿಸಲಿಲ್ಲ. ಬರುವಾಗ ಸೈಟಿನ ಆ ಗಡಿಕಲ್ಲು ಕಾಣದ ಹಾಗೆ ಸುತ್ತಿಕೊಂಡು ಬಂದೆ.

ಅರ್ಜಿ ಅಲ್ಲೇ ಬರೆಸಿದ್ರು. ಅಪ್ಪನ ಒಪ್ಪಿಗೆ ಬೇಕು ಅಂತ ಮನೆಗೆ ಬಂದು ಸೈನ್ ಹಾಕಿಸಿಕೊಂಡ್ರು. ಅಪ್ಪನಿಗೆ ನಾನು ಹೇಳಿದ್ದು, ಸೌದೆ ಸೊಪ್ಪಿಗೆ ದಾರಿ ಬಿಡಿಸೋದಕ್ಕೆ ಅಂತ. "ನಾ ಹೇಳಿತ್ತಲ್ಲ, ಮಗ ಸರಿ ಮಾಡ್ದೆ ಅಂತ" ಅಂದು ಕನ್ನಡಕ ಕೂಡಾ ಹಾಕದೆ ಸೈನ್ ಮಾಡಿದ್ರು.

ನಾನು ಓದಿದೆ ಅಣ್ಣ. ಅದರಲ್ಲಿ "ಬಾಣೆಯ ಅಗತ್ಯ ಭಾಗ" ಅಂತ ಇತ್ತು. ಇಷ್ಟು ಉದ್ದ ಇಷ್ಟು ಅಗಲ ಅಂತ ಇರಲಿಲ್ಲ. ಅಳತೆ ಬರೀರಿ ಅಂದೆ. ಪದ್ಮಯ್ಯ ಪೆನ್ನಿಗೆ ಮುಚ್ಚಳ ಹಾಕ್ತಾ, "ಅಳತೆ ಹಾಕೋದು ನಿನ್ನ ಅಣ್ಣನೇ ತಾನೆ ಮಾರಾಯ್ತಿ. ನಿನ್ನ ಅಣ್ಣನ ಮೇಲೂ ನಂಬಿಕೆ ಇಲ್ವಾ?" ಅಂದ್ರು.

ಉಂಟು ಅಂದೆ.

ಅಪ್ಪ ಎಷ್ಟು ಉದ್ದ ಅಂತ ನಿನಗೆ ಗೊತ್ತಲ್ಲ.

ಯಮುನ


ಮೈಸೂರು
13 ಆಗಸ್ಟ್ 1967

ಯಮುನ,

ಫೈಲು ಬಂತು. ನನ್ನ ಟೇಬಲ್ಲಿಗೇ ಬಂತು. ಆಯ್ತು.

ಅಪ್ಪನನ್ನ ಸ್ವಲ್ಪ ದಿನ ಕಕ್ಕಬೆಗೆ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋಗಬಹುದಾ? ಅಲ್ಲಿ ಹವಾ ಒಳ್ಳೇದು. ದಿನಾ ಬಾಣೆಗೆ ಹೋಗೋದು ಬೇಡ, ತಂತಿ ದಾಟುವಾಗ ಬಿದ್ರೆ ಕಷ್ಟ.

ಅಲ್ಲಿ ಯಾರಾದ್ರೂ ಟೇಪು ಹಿಡಿದು ಅಳೀತಾ ಇದ್ರೆ ನೀನು ಜಗಳಕ್ಕೆ ಹೋಗಬೇಡ. ಎಲ್ಲ ಬಂದಾಗ ಹೇಳ್ತೇನೆ.

ಕೆಲಸ ಪರ್ಮನೆಂಟ್ ಆಯ್ತು. ಅಪ್ಪನಿಗೆ ಹೇಳು.

ಬೆಳ್ಯಪ್ಪ


ಅಮ್ಮತ್ತಿ
1 ಅಕ್ಟೋಬರ್ 1967

ಬೆಳ್ಯಪ್ಪಣ್ಣ,

ಬಂದಾಗ ಹೇಳ್ತೇನೆ ಅಂದಿದ್ದಿ. ಬಂದಿ, ಹೇಳಲಿಲ್ಲ.

ಅಪ್ಪ ಹೋದ ದಿನದ್ದನ್ನ ನೀನು ಬರೋ ಮೊದಲಿಂದ ಹೇಳ್ತೇನೆ, ನಿನಗೆ ಯಾರೂ ಹೇಳಿರೋದಿಲ್ಲ. ಕಕ್ಕಬೆಗೆ ಬಟ್ಟೆ ಕಟ್ಟಿಟ್ಟಿದ್ದೆ. ಅಪ್ಪ ಅನ್ನಕ್ಕೆ ಉಪ್ಪಿನಕಾಯಿ ಕಲಸಿ ಬಾಯಿಗೆ ಇಡದೆ ಹಾಗೇ ಗೋಡೆಗೆ ಒರಗಿದ್ರು. ನಾನು ನಿದ್ದೆ ಅಂದುಕೊಂಡು ಬೈದೆ. ಟೆಲಿಗ್ರಾಂ ಕೊಟ್ಟದ್ದು ತಂಗಮ್ಮ. ನೀನು ಬರೋವರೆಗೆ ಕಾದ್ವಿ.

ಮಾರನೇ ದಿನ ನಾವೆಲ್ಲ ಅಪ್ಪನನ್ನ ಹೊತ್ತು ಬಾಣೆಯ ತಂತಿ ಹತ್ತಿರ ನಿಂತದ್ದು ನೆನಪುಂಟಲ್ಲ. ಚೆನ್ನಯ್ಯ ಅಡ್ಡ ನಿಂತಿದ್ದ. "ನನ್ನ ಡ್ಯೂಟಿ" ಅಂದ, ಅಷ್ಟಕ್ಕೇ ಅಳೋದಕ್ಕೆ ಶುರು ಮಾಡಿದ. ಸಾಂತಪ್ಪ ಮಾವ ಗುದ್ದಲಿ ಎತ್ತಿ, "ಅಗೀರಿ, ಯಾವ ನನ್ಮಗ ಬರ್ತಾನೆ ನೋಡುವ" ಅಂದ್ರು. ಚೆನ್ನಯ್ಯ ಕೋಟು ಬಿಚ್ಚಿ ತಂತಿ ಮೇಲೆ ಹಾಕಿದ, ಮುಳ್ಳು ತಾಗದೆ ದಾಟೋದಕ್ಕೆ. ಎಲ್ಲರೂ ಒಳಗೆ ಹೋಗೋದೇ ಬಾಕಿ.

"ಬೇಡ" ಅಂದದ್ದು ನೀನು.

"ಅದು ಹಸಿರು. ಕಾನೂನು ಅಂತ ಒಂದುಂಟು" ಅಂದಿ. ಮಗನೇ ಬೇಡ ಅಂದ ಮೇಲೆ ಊರವರು ಎಂತ ಹೇಳೋದು? ಸಾಂತಪ್ಪ ಮಾವ ಗುದ್ದಲಿ ಅಲ್ಲೇ ಬಿಸಾಡಿ ಹೋದ್ರು. ಅಪ್ಪನನ್ನ ರಸ್ತೆ ದಾಟಿಸಿ ಒಯ್ದ್ವಿ. ಅಲ್ಲಿ ಕಲ್ಲು ಜಾಸ್ತಿ, ಗುಂಡಿ ಉದ್ದ ಬರಲಿಲ್ಲ. ಕಾಲು ಮಡಚಬೇಕಾಯ್ತು. ನೀನು ಆ ಕಡೆ ತಿರುಗಿ ನಿಂತಿದ್ದಿ, ಅದಕ್ಕೆ ಹೇಳ್ತಾ ಇದ್ದೇನೆ.

ನಿನಗೆ ಹೆದರಿಕೆ, ನೌಕರಿ ಭಯ ಅಂತ ನಾನು ಅಂದುಕೊಂಡೆ. ತಂಗಮ್ಮನ ಹತ್ತಿರ ನಿನ್ನ ಪರವಾಗಿ ಜಗಳವನ್ನೂ ಆಡಿದೆ.

ಹನ್ನೊಂದನೇ ದಿನದ್ದು ಮುಗಿಸಿ ನೀನು ಬಸ್ಸು ಹತ್ತಿದಿ. ಅದರ ನಂತರದ ಸಂತೆ ದಿನ ಸ್ಕೂಲಿನ ಗೋಡೆಗೆ ಹೊಸ ನಕ್ಷೆ ಬಂತು.

ಬಾಣೆ ಹಸಿರಿಲ್ಲ. ಪೂರ್ತಿ ಹಳದಿ, ಮೇಲೆ ನೀಲಿ ಗೆರೆ. ಕೆಳಗೆ ಅಂಗಡಿ, ಮೇಲೆ ಮನೆ, ಸಾಲು ಸಾಲು. ಹೊಳೆ ಬದಿಯ ಎಮ್ಮೆ ಹೂತುಹೋಗೋ ಕೆಸರು ಈಗ ಹಸಿರು. ನನ್ನ ಮೂಲೆ ಸೈಟೂ ಹಸಿರು. ಕೆಳಗೆ ಬರೆದದ್ದುಂಟು, ಬಾಣೆಯ ಕುಟುಂಬದವರ ಕೋರಿಕೆ ಮೇರೆಗೆ ಸಣ್ಣ ಬದಲಾವಣೆ ಅಂತ. ಮೂಲೇಲಿ ನಿನ್ನ ಇನಿಷಿಯಲ್, ಬಾಲ ಇಲ್ಲ ಈ ಸಲ. ತಾರೀಖು ಅಪ್ಪ ಸಾಯೋದಕ್ಕೆ ಒಂದು ತಿಂಗಳು ಮೊದಲಿನದ್ದು.

ಅಂದ್ರೆ ನೀನು ತಂತಿ ಹತ್ತಿರ ನಿಂತು ಅದು ಹಸಿರು ಅಂದಾಗ ಅದು ಹಸಿರಾಗಿ ಇರಲಿಲ್ಲ.

ಸಿಟ್ಟಿನಲ್ಲಿ ನಾಲ್ಕು ಕಾಗದ ಬರೆದು ಹರಿದೆ. ಆಮೇಲೆ ಮೆಲ್ಲ ಯೋಚನೆ ಮಾಡಿದೆ. ನಿನಗೆ ಗೊತ್ತಿತ್ತು, ಅಲ್ಲಿ ಪಾಯ ತೋಡ್ತಾರೆ ಅಂತ. ಅಪ್ಪನನ್ನ ಅಲ್ಲಿ ಇಟ್ಟಿದ್ರೆ ಗುದ್ದಲಿಗೆ ಸಿಕ್ತಿದ್ರು. ಅದಕ್ಕೇ ಬೇಡ ಅಂದಿ ಅಂತ ಅನ್ನಿಸ್ತದೆ. ಸಾಹೇಬರು ಗೀಚಿ ಕೊಟ್ಟದ್ದನ್ನ ನೀನು ಎಳೆಯದಿದ್ರೆ ಕರಿಬಸಪ್ಪ ಎಳೀತಿದ್ದ, ಅದೂ ಅನ್ನಿಸ್ತದೆ. ನಿನ್ನ ಪರವಾಗಿ ನಾನೇ ಎಲ್ಲ ಉತ್ತರ ಬರೆದುಕೊಂಡೆ ನೋಡು. ಹೊಲಿಗೆಯವಳಲ್ವಾ, ಹರಿದದ್ದು ಕಂಡ್ರೆ ಕೈ ತನ್ನಷ್ಟಕ್ಕೆ ಹೋಗ್ತದೆ.

ಒಂದು ಮಾತ್ರ ಹೊಲಿಯೋದಕ್ಕೆ ಬರಲಿಲ್ಲ. ಹಳದಿಯ ನಡುವೆ ಒಂದು ಪುಟ್ಟ ಹಸಿರು ಸುತ್ತು ಉಂಟು. ತಂಗಮ್ಮ ನೋಡಿ, "ಇದೆಂತದೇ, ಬಣ್ಣ ಚೆಲ್ಲಿದ್ದಾ?" ಅಂದಳು. ಅಲ್ಲ. ಅದು ಅವ್ವನ ಕಲ್ಲು. ಪದ್ಮಯ್ಯ ಕೇಳಿದ್ದಲ್ಲ, ಸಾಹೇಬರು ಹೇಳಿದ್ದಲ್ಲ, ಬೇರೆ ಯಾರಿಗೂ ಆ ಸುತ್ತು ಯಾಕೆ ಅಂತಲೇ ಗೊತ್ತಿಲ್ಲ. ಯಾರಿಗೂ ಹೇಳದೆ ನೀನೇ ಬಿಟ್ಟದ್ದು. ಸಾಹೇಬರು ಅದಕ್ಕೂ ಸೇರಿಸಿಯೇ ಸೈನ್ ಹಾಕಿದ್ದಾರೆ. ನಾನು ಕಿರುಬೆರಳ ತುದಿ ಇಟ್ಟು ನೋಡಿದೆ. ಪೂರ್ತಿ ಮುಚ್ಚಿಹೋಯ್ತು. ಒಬ್ಬರಿಗೆ ಸರಿಯಾಗಿ ಹಿಡೀತದೆ.

ನಾಳೆಯಿಂದ ಅಲ್ಲಿ ಮರ ಕಡೀತಾರೆ. ಚೆನ್ನಯ್ಯ ವಿಸಿಲ್ ವಾಪಸ್ ಕೊಟ್ಟ.

ಯಮುನ

ಜಾಗ ಮುಗೀತು, ಮಡಿಚೋ ಕಡೆ ಬರೀತಾ ಇದ್ದೇನೆ. ನೀನು ಆ ಸುತ್ತು ಎಳೆದಾಗ ಅಪ್ಪ ಬದುಕಿದ್ರು. ಎಷ್ಟು ಉದ್ದ ಅಂತಲೂ ನಿನಗೆ ಗೊತ್ತಿತ್ತು. ಕೈವಾರ ನಿನ್ನ ಕೈಯಲ್ಲೇ ಇತ್ತು, ಒಂದು ಕೂದಲೆಳೆಯಷ್ಟು ಅಗಲಿಸಿದ್ರೆ ಇಬ್ಬರೂ ಹಿಡೀತಿದ್ರು. ಯಾಕೆ ಅಗಲಿಸಲಿಲ್ಲ ಅಣ್ಣ?